ಗಂಟೆ ಒಂದೇ ಹೊಡೆದರೆ

ನಮ್ಮತ್ತೆಯ ಎರಡೂ ಹೆಬ್ಬೆರಳುಗಳ ಗೆಣ್ಣುಗಳು ನೆಲ್ಲಿಕಾಯಿಯಷ್ಟು ದಪ್ಪಗಿದ್ದವು. ಹೆಬ್ಬೆರಳನ್ನು ಒಳಕ್ಕೆ ಮಡಚಿ, ಗೆಣ್ಣಿಗೆ ಮೊಲೆ ಒತ್ತಿ ಹಾಲು ಕರೆಯುವವರ ಕೈ ಹಾಗಾಗುತ್ತದೆ. ಆ ಗೆಣ್ಣಿನಿಂದ ಅವರು ಕಂಡದ್ದನ್ನೆಲ್ಲ ತಟ್ಟಿ ನೋಡುತ್ತಿದ್ದರು. ತೆಂಗಿನಕಾಯಿ, ಹಲಸಿನಹಣ್ಣು, ಗ್ಯಾಸ್ ಸಿಲಿಂಡರು, ಗಬ್ಬದ ಹಸುವಿನ ಹೊಟ್ಟೆ, ಯಾವುದನ್ನೂ ಬಿಟ್ಟವರಲ್ಲ. ನಾನು ಮದುವೆಯಾಗಿ ಬಂದ ದಿನ ನನ್ನ ದೊಡ್ಡ ಸೂಟ್‌ಕೇಸನ್ನೂ ತಟ್ಟಿ, "ಅರ್ಧ ಖಾಲಿ ಐತೆ" ಎಂದರು. ನೆಂಟರ ಮುಂದೆ ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಸೂಟ್‌ಕೇಸ್ ಅರ್ಧ ಖಾಲಿಯೇ ಇತ್ತು.

ನಾನು ಬಂಗಾರಪೇಟೆಯಲ್ಲಿ ಸ್ಟೇಷನ್ ಹಿಂದಿನ ಬೀದಿಯಲ್ಲಿ ಬೆಳೆದವಳು. ಹಾಲು ಎಂದರೆ ಪ್ಯಾಕೆಟ್ಟು ಎಂದು ತಿಳಿದಿದ್ದವಳನ್ನು ಬೇತಮಂಗಲದ ದಾರಿಯಲ್ಲಿರುವ ಹಳ್ಳಿಯೊಂದರ ಹಸುಗಳ ಮನೆಗೆ ಕೊಟ್ಟರು. ಗಂಡ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ರೈಲು ಹೊರಡುವ ಕಡೆಯೇ ಹತ್ತಿದರೆ ಸೀಟು ಸಿಗುತ್ತದೆಂದು ಬೆಳಕು ಹರಿಯುವ ಮುಂಚೆಯೇ ಬೈಕಿನಲ್ಲಿ ಮಾರಿಕುಪ್ಪಂ ಸೇರುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ ಮತ್ತು ನಾನು. ಕಂಪ್ಯೂಟರಿನಲ್ಲಿ ಅಡುಗೆಮನೆ, ಬೀರುಗಳ ತ್ರೀ-ಡಿ ಚಿತ್ರ ಬರೆದುಕೊಡುವುದು ನನ್ನ ಕೆಲಸ. ಅತ್ತೆ ಹಿಂದೆ ಸ್ಟೂಲು ಹಾಕಿಕೊಂಡು ಕೂತು ನೋಡುತ್ತಿದ್ದರು.

"ಇಲ್ದಿರೋ ಅಡ್ಗೆಮನೆ ಬರೀತೀಯ, ಅದ್ರಾಗೆ ಇಲ್ದಿರೋ ಒಲೆ ಇಡ್ತೀಯ. ಸರಿ. ಒಗ್ಗರಣೆ ಘಾಟು ಯಾವ ಕಡೆಯಿಂದ ಆಚೆ ಓಗ್ತದೆ?"

ನಾನು ಚಿತ್ರ ನೋಡಿದೆ. ಕಿಟಕಿಯೇ ಇರಲಿಲ್ಲ.

ಅವರ ಪ್ರಶ್ನೆಗಳಿಗೆ ಊರಿನಲ್ಲಿ ಹೆದರದವರಿಲ್ಲ. ಡೈರಿಯಲ್ಲಿ ಹಾಲು ಅಳೆಯುವವನನ್ನು ಯಂತ್ರದೊಳಗೆ ಏನಿದೆ ಎಂದು ಕೇಳುತ್ತಿದ್ದರು. ರಾಬರ್ಟ್‌ಸನ್‌ಪೇಟೆಯ ಕಣ್ಣಿನ ಡಾಕ್ಟರು ಅವರ ಕಣ್ಣಿಗೆ ಟಾರ್ಚು ಹಾಕಿದರೆ, "ಆ ಕಡೆಯಿಂದ ನಿಮ್ಗೇನು ಕಾಣ್ತದೆ?" ಎನ್ನುತ್ತಿದ್ದರು. ಸಾಕು ಸುಮ್ಮನಿರಿ ಎಂದರೆ, "ಕೇಳಕ್ಕೂ ಕಂದಾಯ ಕಟ್ಬೇಕಾ?" ಎಂದು ನಮ್ಮ ಬಾಯಿ ಮುಚ್ಚಿಸುತ್ತಿದ್ದರು.

ಇಷ್ಟೆಲ್ಲ ಕೇಳುವವರಿಗೆ ಉತ್ತರವೇ ಸಿಗದಿದ್ದ ಪ್ರಶ್ನೆ ಒಂದಿತ್ತು. ಮಾವನವರನ್ನು ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ಮೈನ್ಸ್ ಎಂದು ಎಲ್ಲರೂ ಕರೆಯುವ ಇಲ್ಲಿನ ಚಿನ್ನದ ಗಣಿ ಮುಚ್ಚುವವರೆಗೂ ಅವರದು ನೆಲದಡಿಯ ಕೆಲಸ. ಜನರನ್ನು ಇಳಿಸಿ ಹತ್ತಿಸುವ ಕೇಜು ಎಂಬ ಕಬ್ಬಿಣದ ಪಂಜರ ಬಂದು ನಿಲ್ಲುವ ಬಾಗಿಲಲ್ಲಿ ನಿಂತು, ಮೇಲಿನವರಿಗೆ ಗಂಟೆ ಹೊಡೆದು ಸೂಚನೆ ಕೊಡುವುದು. ಹೆಂಗಸರನ್ನು ಒಳಗೆ ಬಿಡುತ್ತಿರಲಿಲ್ಲ. ಅತ್ತೆ ಗಂಡನ ಬುತ್ತಿ ಕಟ್ಟಿದರು, ಕೆಸರಿನ ಬಟ್ಟೆ ಒಗೆದರು, ಒಳಗೆ ಹೇಗಿರುತ್ತದೆಂದು ಬದುಕಿಡೀ ಕೇಳಿದರು.

"ಏನಂತಿದ್ರು ಗೊತ್ತಾ? ಕತ್ಲು. ಅಷ್ಟೇ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ನಿಮ್ಮಾವ ಮನೆಗೆ ತಂದ ಬಂಗಾರ ಅದೊಂದೇ."

ಹೀಗೆ ಹೇಳಿ ನಗುತ್ತಿದ್ದರು. ಆದರೆ ಆ ನಗು ಬೇಗ ಮುಗಿಯುತ್ತಿತ್ತು.

ಒಂದು ದಿನ ನನಗೆ ಬೇರೆ ಥರದ ಕೆಲಸ ಬಂತು. ಮೈನ್ಸಿನಲ್ಲಿ ದುಡಿದವರ ಮಕ್ಕಳು ಕೆಲವರು ಸೇರಿ, ಶಾಲೆಯ ಹುಡುಗರಿಗೆ ತೋರಿಸಲು ನೆಲದಡಿಯ ಒಂದು ಅಂತಸ್ತನ್ನು ಕಂಪ್ಯೂಟರಿನಲ್ಲಿ ಕಟ್ಟಿಸಬೇಕೆಂದಿದ್ದರು. ಹಳೆಯ ನಕ್ಷೆಯ ಪ್ರತಿ ಕೊಟ್ಟರು, ಒಳಗೆ ಇಳಿದಿದ್ದ ಹಿರಿಯರೊಂದಿಗೆ ಮಾತಾಡಿಸಿದರು. ಯಾವ ಅಂತಸ್ತು ಎಂದು ನಾನು ಕೇಳಿದ್ದಕ್ಕೆ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರು. ಮಾವನವರು ಗಂಟೆ ಹೊಡೆಯುತ್ತಿದ್ದ ಅಂತಸ್ತೇ ಅದು.

ಅವತ್ತು ಸಂಜೆ ಅತ್ತೆಗೆ ಹೇಳಿದೆ. ಅವರು ಪ್ರಶ್ನೆಯನ್ನೇ ಕೇಳಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು, "ಅವ್ರು ನಿಂತಿದ್ದ ಜಾಗ ಒಂದ್ಸಲ ನೋಡ್ಬೇಕು ಅಮ್ಮಣ್ಣಿ. ಕಣ್ಣಿರೋವಾಗ್ಲೇ" ಎಂದರು.

ಸಕ್ಕರೆ ಕಾಯಿಲೆ ಅವರ ಒಂದು ಕಣ್ಣನ್ನು ಆಗಲೇ ತಿಂದಿತ್ತು. ಇನ್ನೊಂದೂ ಮಂಜಾಗುತ್ತ ಹೋಗುತ್ತದೆ, ತಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ನನ್ನ ಹಳೇ ಕಂಪ್ಯೂಟರಿಗೆ ಅಡುಗೆಮನೆ ತೋರಿಸುವುದೇ ಸಾಕುಸಾಕಾಗುತ್ತಿತ್ತು. ಸುರಂಗವನ್ನು ತಿರುಗಿಸಿದರೆ ಮುಂದಿನ ನೋಟ ಬರುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಟ್ಟು ಬರಬಹುದಿತ್ತು. ಬರೀ ಗೆರೆಗಳಲ್ಲಿ ತೋರಿಸಿದರೆ ಚುರುಕಾಗಿ ತಿರುಗುತ್ತಿತ್ತು. ಆದರೆ ಅತ್ತೆಯ ಕಣ್ಣಿಗೆ ಆ ಗೆರೆಗಳು ನಿಲುಕುತ್ತಿರಲಿಲ್ಲ. "ಯಾರೋ ಕಡ್ಡಿಪುಳ್ಳೆ ಚೆಲ್ದಂಗೈತೆ" ಎಂದರು. ಬಂಡೆ ಬಂಡೆಯಾಗಿ, ದೀಪ ದೀಪವಾಗಿ, ಬೆಳಕು ನೆರಳಿನೊಂದಿಗೆ ಕಾಣಬೇಕಾದರೆ ಚಿತ್ರ ಮೂಡಿಸುವುದಕ್ಕೆಂದೇ ಇರುವ ಗ್ರಾಫಿಕ್ಸ್ ಕಾರ್ಡ್ ಬೇಕು. ರಾಬರ್ಟ್‌ಸನ್‌ಪೇಟೆಯಲ್ಲಿ ಬಾಗಿಲು ಹಾಕುತ್ತಿದ್ದ ಫೋಟೋ ಸ್ಟುಡಿಯೋ ಒಂದರಿಂದ ಹಳೆಯದೊಂದು ಸಿಕ್ಕಿತು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಪುಟ್ಟ ಫ್ಯಾನನ್ನು ಊದಿ ತಿರುಗಿಸಿ, ಗೆಣ್ಣಿನಿಂದ ತಟ್ಟಿದರು. ಆಮೇಲೆ ಅರಿಶಿನ ಕುಂಕುಮದ ಬಟ್ಟಲು ತಂದರು. ಪುಡಿ ಒಳಗೆ ಹೋದರೆ ಕೆಡುತ್ತದೆ ಎಂದು ಗೋಗರೆದು, ಕುಂಕುಮವನ್ನು ಕಾರ್ಡಿನ ಬದಲು ಅದು ಬಂದ ರಟ್ಟಿನ ಡಬ್ಬಕ್ಕೆ ಇಡಿಸಿದೆ.

ನನ್ನ ಕಂಪ್ಯೂಟರನ್ನು ನಡೆಸುತ್ತಿದ್ದ ತಂತ್ರಾಂಶ ಲಿನಕ್ಸ್. ಪುಕ್ಕಟೆ ಸಿಗುತ್ತದೆ, ಹಳೇ ಯಂತ್ರಕ್ಕೂ ಹಗುರ ಎಂದು ಹಾಕಿಕೊಂಡಿದ್ದೆ. ಕಾರ್ಡ್ ಕೂರಿಸಿದ ತಕ್ಷಣ ಎಲ್ಲ ಸರಿಹೋಗುತ್ತದೆಂದು ಕಾದಿದ್ದ ಅತ್ತೆಗೆ, ಇನ್ನೂ ಡ್ರೈವರ್ ಹಾಕಬೇಕು ಎಂದು ವಿವರಿಸಬೇಕಾಯಿತು. ಕಾರ್ಡಿನ ಮಾತು ಕಂಪ್ಯೂಟರಿಗೆ ತಿಳಿಯದು, ಕಂಪ್ಯೂಟರಿನ ಮಾತು ಕಾರ್ಡಿಗೆ ತಿಳಿಯದು, ನಡುವೆ ನಿಂತು ತಿಳಿಸಿಹೇಳುವುದೇ ಡ್ರೈವರ್ ಎಂದೆ.

"ದನದ ಸಂತೇಲಿ ಟವಲ್ ಕೆಳಗೆ ಬೆರಳು ಇಡಿದು ಯಾಪಾರ ಕುದುರಿಸ್ತಾನಲ್ಲ ದಲ್ಲಾಳಿ, ಅವ್ನಂಗೆ."

"ಹೂಂ ಅತ್ತೆ, ಹಂಗೇ."

"ಈಗಿರೋ ದಲ್ಲಾಳಿ?"

"ಅವನಿಗೆ ಈ ಕಾರ್ಡಿನ ಮಾತು ಅರ್ಧಂಬರ್ಧ ಬರುತ್ತೆ. ಅವನನ್ನ ಎಬ್ಬಿಸಿ ಹೊಸಬನ್ನ ಕೂರಿಸಬೇಕು."

"ಅವ್ನು ಸುಮ್ಕೆ ಏಳ್ತಾನಾ?" ಎಂದು ಅವರು ಕೇಳಿದ್ದು ಎಷ್ಟು ಸರಿಯಾದ ಪ್ರಶ್ನೆ ಎಂದು ನನಗೆ ಆಮೇಲೆ ಗೊತ್ತಾಯಿತು.

ಹೊಸ ಡ್ರೈವರನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕಿತ್ತು. ನಮ್ಮೂರಿನಲ್ಲಿ ಮೊಬೈಲಿನ ನೆಟ್ ನೆಟ್ಟಗೆ ಬರುತ್ತಿದ್ದದ್ದು ಊರು ಏಳುವ ಮುಂಚೆ. ನಮ್ಮ ಮನೆಯಲ್ಲಿ ಅದು ಹಾಲು ಕರೆಯುವ ಹೊತ್ತು. ಮಂಡಿ ನೋವು, ಮಂಜು ಕಣ್ಣು ಎರಡೂ ಸೇರಿದ್ದರಿಂದ ಅತ್ತೆ ಕೊಟ್ಟಿಗೆಯ ಕೆಲಸವನ್ನು ನನಗೆ ಕಲಿಸಿಕೊಟ್ಟಿದ್ದರು. ಹಾಗಾಗಿ ಆ ಬೆಳಗ್ಗೆ ನಮ್ಮ ಕೆಲಸಗಳು ಅದಲುಬದಲಾದವು. ಪ್ಯಾಕೆಟ್ ಹಾಲಿನವಳಾದ ನಾನು ಕೊಟ್ಟಿಗೆಗೆ ಹೋದೆ, ಹಸುವಿನ ಯಜಮಾನಿ ಕಂಪ್ಯೂಟರ್ ಕಾಯಲು ಕೂತರು.

ಹೋಗುವ ಮುಂಚೆ ಕಮಾಂಡುಗಳನ್ನೆಲ್ಲ ಸಾಲಾಗಿ ಕೊಟ್ಟಿದ್ದೆ. ಡ್ರೈವರ್ ಇಳಿಸಿಕೊಂಡು, ಹಾಕಿಕೊಂಡು, ಕೊನೆಗೆ ಯಂತ್ರ ತಾನೇ ರೀಸ್ಟಾರ್ಟ್ ಆಗುತ್ತದೆ. ಆಗ ನೀಲಿ ಬಣ್ಣದ ಪರದೆಯೊಂದು ಬರುತ್ತದೆ. ಹೊಸಬನೊಬ್ಬ ಬಂದಿದ್ದಾನೆ, ಒಳಗೆ ಬಿಡಲೇ ಎಂದು ಯಂತ್ರ ಮನೆಯವರನ್ನು ಕೇಳುವ ಪರದೆ ಅದು. ಕೆಲವೇ ಕ್ಷಣ ಕಾಯುತ್ತದೆ. ಅಷ್ಟರಲ್ಲಿ ಯಾವುದಾದರೊಂದು ಗುಂಡಿ ಒತ್ತಿ ನಿಲ್ಲಿಸಿಕೊಳ್ಳಬೇಕು, ಆಮೇಲೆ ನಿಧಾನವಾಗಿ ಪಾಸ್‌ವರ್ಡ್ ಕೊಡಬಹುದು. ಯಾರೂ ಒತ್ತದಿದ್ದರೆ ಬೇಡವೇನೋ ಎಂದುಕೊಂಡು ಯಂತ್ರ ಮುಂದೆ ಹೋಗಿಬಿಡುತ್ತದೆ, ಹೊಸ ಡ್ರೈವರ್ ಬಾಗಿಲಾಚೆಯೇ ಉಳಿಯುತ್ತದೆ.

"ನೀಲಿ ಬಂದ ತಕ್ಷಣ ಯಾವುದಾದರೂ ಒಂದು ಗುಂಡಿ ಒತ್ತಿ ನನ್ನ ಕೂಗಿ ಅತ್ತೆ. ಅದೊಂದೇ ಕೆಲಸ."

"ಓಗು, ಅಸು ಕಾಯ್ತದೆ. ಇದು ನನ್ನ ಡೂಟಿ."

ಡೈರಿಗೆ ಹಾಲು ಹಾಕಿ ಬಂದಾಗ ಪರದೆ ಕಪ್ಪಗಿತ್ತು, ಕಂಪ್ಯೂಟರು ಆರಿತ್ತು. ನೀಲಿ ಬಂತಾ ಎಂದು ಕೇಳಿದೆ.

"ಬರ್ಲೇ ಇಲ್ಲಮ್ಮ."

ಕರೆಂಟು ಹೋಗಿ ಬಂದಿರಬೇಕು ಎಂದುಕೊಂಡೆ. ಮತ್ತೆ ಆನ್ ಮಾಡಿದರೆ ಪರದೆಯ ಮೂಲೆಯಲ್ಲಿ ಮಿಣುಕುವ ಒಂದು ಗೆರೆ, ಬೇರೇನಿಲ್ಲ. ಹಳೇ ದಲ್ಲಾಳಿ ಎದ್ದು ಹೋಗಿದ್ದ, ಹೊಸಬ ಒಳಗೆ ಬಂದಿರಲಿಲ್ಲ. ಕಪ್ಪು ಪರದೆಯ ಮೇಲೆ ಅಕ್ಷರ ಟೈಪು ಮಾಡುತ್ತ ಹೊಸದನ್ನು ಅಳಿಸಿ ಹಳೆಯದನ್ನೇ ಮತ್ತೆ ಕೂರಿಸುವಷ್ಟರಲ್ಲಿ ಮಧ್ಯಾಹ್ನದ ಮುದ್ದೆ ಆರಿಹೋಯಿತು.

ಮಾರನೆಯ ಬೆಳಗ್ಗೆಯೂ ಹಾಗೇ ಆಯಿತು. ಯಂತ್ರ ಆರಿತ್ತು, ನೀಲಿ ಬರಲೇ ಇಲ್ಲ ಎಂದು ಅತ್ತೆ ಆಣೆ ಮಾಡಿದರು. ಇಂಟರ್ನೆಟ್ಟಿನಲ್ಲಿ ಲಿನಕ್ಸ್ ಬಲ್ಲವರ ಚರ್ಚೆಗಳನ್ನೆಲ್ಲ ತಡಕಾಡಿದೆ. ನೀಲಿ ಪರದೆ ಎಲ್ಲರಿಗೂ ಬಂದಿತ್ತು, ನಮ್ಮ ಮನೆಗೆ ಮಾತ್ರ ಮುನಿಸು. ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ಅತ್ತೆಗೂ ಅಷ್ಟೇ. ಊಟಕ್ಕೆ ಕೂತಾಗ ಅದೇ ಮಾತು. ಪಕ್ಕದಲ್ಲಿ ನನ್ನ ಗಂಡ ನಾಳೆಯ ರೈಲಿನ ಚಿಂತೆಯಲ್ಲಿ ಉಣ್ಣುತ್ತಿದ್ದರು. ನಾನು ಸಾರು ಬಡಿಸುತ್ತಿದ್ದಾಗ ಅವರು ಎಂದಿನಂತೆ ಬೆರಳಿನಿಂದ ತಟ್ಟೆಯನ್ನು ಒಂದು ಸಲ ಟಣ್ ಎನ್ನಿಸಿದರು, ಸಾಕು ಎಂದು. ತಟ್ಟೆ ಬಡಿದರೆ ಮನೆಗೆ ದರಿದ್ರ ಎಂದು ನನ್ನ ತವರಿನಲ್ಲಿ ಹೇಳುತ್ತಿದ್ದರು. ಬಾಯಲ್ಲಿ ಸಾಕು ಎಂದರೆ ಮುತ್ತು ಉದುರುತ್ತದೆಯೇ ಎಂದು ನಾನು ಮದುವೆಯಾದಾಗಿನಿಂದ ಗೊಣಗುತ್ತಿದ್ದೆ. ಅವರು ನಕ್ಕು ಸುಮ್ಮನಾಗುತ್ತಿದ್ದರು.

ಮೂರನೆಯ ಬೆಳಗ್ಗೆ ಕೆಚ್ಚಲಿಗೆ ಹಚ್ಚುವ ಎಣ್ಣೆಯ ಬಟ್ಟಲು ಮರೆತು ಕೊಟ್ಟಿಗೆಯಿಂದ ವಾಪಸು ಬಂದೆ. ಹೊಸಿಲ ಮೇಲೆ ಕಾಲಿಟ್ಟಿದ್ದೇನೆ, ಕಂಪ್ಯೂಟರು ರೀಸ್ಟಾರ್ಟ್ ಆಗುತ್ತಿತ್ತು. ಪರದೆ ಕಪ್ಪಾಯಿತು. ಯಂತ್ರದೊಳಗಿಂದ ಬೀಪ್ ಎಂದು ಒಂದು ಸಲ ಸದ್ದು ಬಂತು. ನಾನು ಕ್ಷೇಮ ಎಂದು ಹಳೇ ಕಂಪ್ಯೂಟರುಗಳು ಎದ್ದಾಗ ಹೇಳುವ ಸದ್ದು ಅದು. ಅತ್ತೆ ತಟ್ಟನೆ ಸ್ಟೂಲಿನಿಂದ ಎದ್ದರು. ಮಂಡಿ ಹಿಡಿದುಕೊಂಡು, ಯಂತ್ರಕ್ಕೆ ಬೆನ್ನು ಮಾಡಿ, ಗೋಡೆಯ ಸ್ವಿಚ್ಚಿನ ಕಡೆ ಹೆಜ್ಜೆ ಹಾಕಿದರು. ಅವರ ಬೆನ್ನ ಹಿಂದೆ ಪರದೆ ನೀಲಿಯಾಯಿತು. ಕಾಯಿತು. ಯಾರೂ ಬರಲಿಲ್ಲವೆಂದು ಮತ್ತೆ ಕಪ್ಪಾಯಿತು. ಅಷ್ಟು ಹೊತ್ತಿಗೆ ಸ್ವಿಚ್ಚು ತಲುಪಿದ ಅತ್ತೆ ಟಕ್ ಎಂದು ಆರಿಸಿದರು.

"ಅತ್ತೇ! ಯಾಕೆ ಆರಿಸಿದಿರಿ?"

ಅವರು ತಿರುಗಿ ನನ್ನನ್ನು ಪಾಪ, ಇಷ್ಟೂ ತಿಳಿಯದೇ ಎಂಬಂತೆ ನೋಡಿದರು. "ಗಂಟೆ ಒಡೀತಲ್ಲಮ್ಮ."

"ಯಾವ ಗಂಟೆ?"

"ಒಂದು ಒಡೀತು. ಓಡ್ತಿರೋವಾಗ ಗಂಟೆ ಒಂದೇ ಒಡೆದ್ರೆ ನಿಲ್ಲಿಸ್ಬೇಕು. ನಿನ್ನೆ, ಮೊನ್ನೆ ಕೂಡ ಒಡೀತು. ನಿಲ್ಲಿಸ್ದೆ, ಆಮೇಲೆ ಸ್ವಿಚ್ಚು ತಿರ್ಗಾ ಆಕ್ದೆ."

ನಾನು ಎಣ್ಣೆಯ ಬಟ್ಟಲು ಕೆಳಗಿಟ್ಟು ಅಲ್ಲೇ ಕೂತೆ. ಕೊಟ್ಟಿಗೆಯಲ್ಲಿ ಹಸು ಕೂಗುತ್ತಿತ್ತು. ಹಾಗಾದರೆ ದಿನಾ ನಾನು ಕಂಪ್ಯೂಟರ್ ಆನ್ ಮಾಡುವಾಗಲೂ ಅದು ಒಂದೇ ಸಲ ಹೊಡೆಯುತ್ತದಲ್ಲ, ಆಗ ಯಾಕೆ ಸುಮ್ಮನಿರುತ್ತೀರಿ ಎಂದು ಕೇಳಿದೆ.

"ಅದು ಬೇರೆ ಕಣಮ್ಮ. ನಿಂತಿರೋವಾಗ ಒಂದು ಒಡೆದ್ರೆ ಮೇಲಕ್ಕೆತ್ತು ಅಂತ. ಓಡ್ತಿರೋವಾಗ ಒಂದು ಒಡೆದ್ರೆ ನಿಲ್ಲು ಅಂತ. ಎರಡು ಒಡೆದ್ರೆ ಕೆಳಕ್ಕೆ ಬಿಡು. ಕೇಜಿನ ಗಂಟೆ ಅಂಗೇ ಅಲ್ವಾ?"

"ಒಳಗಿನದು ಏನೂ ಹೇಳ್ತಿರಲಿಲ್ಲ ಅಂದ್ರಿ?"

"ಒಳಗಿನ್ದು ಏಳಿಲ್ಲ. ಇದೊಂದು ಕಲಿಸಿದ್ರು. ಊಟಕ್ಕೆ ಕೂತ್ರೆ ಮಾತಿಲ್ಲ, ತಟ್ಟೆ ಮೇಲೇ ಗಂಟೆ. ಎರಡು ತಟ್ಟಿದ್ರೆ ಇನ್ನೂ ಬಿಡು. ಬಡಿಸ್ತಿರೋವಾಗ ಒಂದು ತಟ್ಟಿದ್ರೆ ನಿಲ್ಲು. ನಿನ್ ಗಂಡನೂ ತಟ್ಟಲ್ವಾ? ಅಪ್ಪನ್ನ ನೋಡಿ ಕಲ್ತಿದ್ದು."

ಇಷ್ಟು ದಿನ ನಾನು ಗೊಣಗಿದ್ದು ಯಾರ ಗಂಟೆಗೆ ಎಂದು ಅವತ್ತು ತಿಳಿಯಿತು. ನಗು ಬಂತು.

ಅತ್ತೆ ನಾಚಿಕೊಳ್ಳಲಿಲ್ಲ. ಬದಲಿಗೆ ಅವರ ಕುತೂಹಲ ಕೆರಳಿತು. "ಅಂಗಾದ್ರೆ ಇದ್ರ ಗಂಟೆಗೆ ಏನರ್ಥ? ಎರಡು ಒಡೆದ್ರೆ? ಮೂರು ಒಡೆದ್ರೆ?" ಎಂದು ಶುರುಮಾಡಿದರು. ಒಂದು ಬೀಪ್ ಬಂದರೆ ಎಲ್ಲ ಸರಿ, ಹೆಚ್ಚು ಬಂದರೆ ಒಳಗೆ ಏನೋ ಕೆಟ್ಟಿದೆ ಎಂದೆ. "ಒಂದೊಂದು ಗಣಿಗೆ ಒಂದೊಂದು ಪದ್ಧತಿ" ಎಂದು ಒಪ್ಪಿಕೊಂಡರು.

ಹಾಲು ಡೈರಿಗೆ ತಲುಪಿದ ಮೇಲೆ, ಆಗಲೇ ಇಳಿದಿದ್ದ ಹೊಸ ಡ್ರೈವರನ್ನು ಅಳಿಸದೆ, ಇಬ್ಬರೂ ಕೂತು ಮತ್ತೆ ಮಾಡಿದೆವು. ಬೀಪ್ ಎಂದಾಗ ಅತ್ತೆಯ ಕಾಲು ತಾನಾಗಿ ಏಳಲು ಹೋಯಿತು. ತಮ್ಮ ಮಂಡಿಯನ್ನು ತಾವೇ ಅದುಮಿ ಹಿಡಿದುಕೊಂಡರು. ನೀಲಿ ಬಂತು. "ಒತ್ತಿ ಅತ್ತೆ" ಎಂದೆ. ಹೆಬ್ಬೆರಳಿನ ಗೆಣ್ಣಿನಿಂದ ಒತ್ತಿದರು. ಮೂರು ಗುಂಡಿ ಒಟ್ಟಿಗೇ ಬಿದ್ದವು, ಸಾಕಾಗಿತ್ತು. ಪಾಸ್‌ವರ್ಡ್ ಕೊಟ್ಟೆ.

"ನೋಡು, ಒಳಗೆ ಬಿಡ್ಲಾ ಅಂತ ಮನೆಯೋರ್ನ ಕೇಳಿ ಬಿಡ್ತದೆ. ಒಳ್ಳೆ ಮನೆತನ" ಎಂದರು ಅತ್ತೆ.

ಹೊಸ ಡ್ರೈವರ್ ಒಳಗೆ ಬಂತು. ಸುರಂಗವನ್ನು ತೆರೆದು ಮೌಸ್ ಆಡಿಸಿದೆ. ತಡೆಯಿಲ್ಲದೆ ತಿರುಗಿತು. ಒದ್ದೆ ಬಂಡೆ, ಹಳಿ, ಮರದ ಕಂಬಗಳು, ಬೆಳಕು ಬಿದ್ದ ಕಡೆ ಮಿಂಚುವ ನೀರು. ಅತ್ತೆ ಮೂಗು ಪರದೆಗೆ ತಾಗುವಷ್ಟು ಹತ್ತಿರ ಬಂದರು. ಕೇಜಿನ ಬಾಗಿಲಲ್ಲಿ ನಾನು ಒಬ್ಬ ಮನುಷ್ಯನ ಆಕೃತಿ ನಿಲ್ಲಿಸಿದ್ದೆ, ಅದರ ಬಲಕ್ಕೆ ಬಂಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇವ್ರೇನಾ?"

"ಹೂಂ."

ಬಹಳ ಹೊತ್ತು ನೋಡಿದರು. ಆಮೇಲೆ, "ನೀರು ಆ ಕಡೆ ಬೀಳ್ತಿರ್ಲಿಲ್ಲ" ಎಂದರು. "ಎಡಗಡೆ. ದಿನಾ ಅಂಗಿ ಎಡಭುಜದ ತಾವು ಕೆಂಪಗೆ ಕರೆ ಕಟ್ಟಿರ್ತಿತ್ತು. ಎಷ್ಟು ಉಜ್ಜಿದ್ರೂ ಓಗ್ತಿರ್ಲಿಲ್ಲ. ಒಂದೇ ಜಾಗ್ದಾಗೆ ತೊಟ್ಟಿಕ್ತಿತ್ತು ಅಂತ ಕಾಣ್ತದೆ. ಪಾಪ, ಒಂದೆಜ್ಜೆ ಆ ಕಡೆ ನಿಂತ್ಕೊಬಾರ್ದಾಗಿತ್ತಾ?"

ನಾನು ನೀರನ್ನು ಎಡಕ್ಕೆ ತಂದೆ. ಅದು ಮಾವನವರ ಭುಜದ ಮೇಲೆ ತೊಟ್ಟಿಕ್ಕತೊಡಗಿತು. ಅಲ್ಲಿಂದ ಕದಲಿದರೆ ಗಂಟೆಯ ಹಗ್ಗ ಕೈಗೆ ಸಿಗುತ್ತಿರಲಿಲ್ಲ. ಅವರು ಯಾಕೆ ಸರಿಯಲಿಲ್ಲ ಎಂಬುದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಈಗ ದೀಪ ಆರ್ಸು" ಎಂದರು ಅತ್ತೆ.

"ಆರಿಸಿದರೆ ಏನೂ ಕಾಣಲ್ಲ ಅತ್ತೆ."

"ಅದ್ನೇ ನೋಡ್ಬೇಕು. ಕತ್ಲು ಅಂತಿದ್ರಲ್ಲ."

ಸುರಂಗದ ದೀಪಗಳನ್ನು ಒಂದೊಂದಾಗಿ ಆರಿಸಿದೆ. ಮೂರು ದಿನ ನನ್ನನ್ನು ಕಾಡಿದ ಕಪ್ಪು ಪರದೆಯೇ ಮತ್ತೆ ಎದುರಿಗಿತ್ತು. ಅತ್ತೆ ಅದರ ಮುಂದೆ ಕೈಕಟ್ಟಿ ಕೂತರು. ಕೊನೆಗೆ ಮೇಜನ್ನು ಗೆಣ್ಣಿನಿಂದ ಎರಡು ಸಲ ತಟ್ಟಿದರು. ಇನ್ನೂ ಕೆಳಕ್ಕೆ ಬಿಡು ಎಂದು. ಕತ್ತಲಲ್ಲೇ ಕೆಳಗಿಳಿಸಿದೆ. ಪರದೆಯಲ್ಲಿ ಏನೂ ಬದಲಾಗಲಿಲ್ಲ, ಆದರೂ ಇಬ್ಬರೂ ಇಳಿಯುತ್ತಿದ್ದೇವೆ ಎಂದು ನನಗೆ ಅನ್ನಿಸಿತು. ಅತ್ತೆ ಕಣ್ಣೊರೆಸಿಕೊಂಡು, "ನಿಜ ಏಳಿದ್ರು ಬಿಡು" ಎಂದರು.

ಆ ವರ್ಷ ಕಳೆಯುವ ಮುಂಚೆ ಇನ್ನೊಂದು ಕಣ್ಣೂ ಮಸುಕಾಯಿತು, ಬೆಳಕು ಮತ್ತು ಆಕಾರ ಅಷ್ಟೇ ತಿಳಿಯುತ್ತಿತ್ತು. ಪ್ರಶ್ನೆಗಳು ಕಡಿಮೆಯಾಗಲಿಲ್ಲ. ಲಿನಕ್ಸ್ ಹೊಸ ಆವೃತ್ತಿ ಬಂದು ಡ್ರೈವರ್ ಮುನಿಸಿಕೊಂಡಾಗಲೆಲ್ಲ, "ದಲ್ಲಾಳಿ ಎದ್ದೋದ್ನಾ?" ಎಂದು ಒಳಗಿನಿಂದ ಕೂಗುತ್ತಿದ್ದರು. ಯಂತ್ರದ ಮುಂದೆ ಸಿಟ್ಟಾಗದೆ, ಇದು ಹೀಗೇಕೆ ಮಾಡುತ್ತಿದೆ ಎಂದು ಕೂತು ಕೇಳುವ ಅಭ್ಯಾಸ ನನಗೆ ಬಂದದ್ದು ಅವರಿಂದ. ನನ್ನ ಕೆಲಸವೆಲ್ಲ ನಿಂತಿರುವುದು ಆ ಅಭ್ಯಾಸದ ಮೇಲೆ. ಆ ಋಣ ತೀರುವಂಥದಲ್ಲ.

ಕೊನೆಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಮಾತಾಡದ ಅತ್ತೆಯನ್ನು ನೋಡುವುದು ನಮಗೆಲ್ಲ ಕಷ್ಟವಾಯಿತು. ಬಲಗೈ ಮಾತ್ರ ಅಷ್ಟಿಷ್ಟು ಆಡುತ್ತಿತ್ತು. ಒಂದು ಭಾನುವಾರ ಬೆಳಗ್ಗೆ ಚಮಚದಲ್ಲಿ ರಾಗಿ ಗಂಜಿ ಕುಡಿಸುತ್ತಿದ್ದೆ. ಹಿತ್ತಲಲ್ಲಿ ನನ್ನ ಗಂಡ ಕೊಟ್ಟಿಗೆಯ ಮೇಲೆ ಹತ್ತಿ ಹೊಸ ತಗಡು ಹೊದಿಸುತ್ತಿದ್ದರು, ಡಣಡಣ ಸದ್ದು. ಅತ್ತೆ ಮಂಚದ ಚೌಕಟ್ಟನ್ನು ಗೆಣ್ಣಿನಿಂದ ಒಂದು ಸಲ ತಟ್ಟಿದರು. ಸಾಕೆಂದು ಚಮಚ ಕೆಳಗಿಟ್ಟು, ಬಾಯಿ ಒರೆಸಿದೆ.

ಮತ್ತೆ ತಟ್ಟಿದರು. ಒಂದೇ.

ನಿಲ್ಲಿಸಿದ್ದೇನಲ್ಲ ಅತ್ತೆ ಎಂದೆ. ಅವರ ಹುಬ್ಬು ಗಂಟಾಯಿತು. ಇಷ್ಟೂ ತಿಳಿಯದೇ ಎಂಬ ಆ ಹಳೇ ನೋಟ. ಇನ್ನೊಮ್ಮೆ, ಗಟ್ಟಿಯಾಗಿ, ಒಂದು ತಟ್ಟಿದರು. ಆಗ ನೆನಪಾಯಿತು. ಗಂಜಿ ಕುಡಿಸುವುದು ಆಗಲೇ ನಿಂತಿತ್ತು. ನಿಂತಿರುವಾಗ ಒಂದು ಹೊಡೆದರೆ ಮೇಲಕ್ಕೆತ್ತು.

ಬೆನ್ನ ಕೆಳಗೆ ಕೈ ಕೊಟ್ಟು ಎತ್ತಿ, ನನ್ನ ಎದೆಗೆ ಒರಗಿಸಿಕೊಂಡು, ಮುಖವನ್ನು ಕಿಟಕಿಯ ಕಡೆ ತಿರುಗಿಸಿದೆ. ಬೆಳಕಿನಲ್ಲಿ ಹೊಸ ತಗಡು ಥಳಥಳ ಹೊಳೆಯುತ್ತಿತ್ತು, ಅದರ ಮೇಲೆ ಮಗನ ಆಕಾರ. ಏನದು ಸದ್ದು ಎಂದು ಅವರಿಗೆ ನೋಡಬೇಕಾಗಿತ್ತು, ಅಷ್ಟೇ. ನೋಡಿದರು. ಅದಾಗಿ ಹೆಚ್ಚು ದಿನ ಅವರು ಇರಲಿಲ್ಲ. ಅವತ್ತು ಮಾತ್ರ ನನ್ನ ತೋಳು ಜೋಮು ಹಿಡಿದರೂ ಅವರನ್ನು ಕೆಳಗಿಳಿಸಲಿಲ್ಲ, ಎರಡು ಸಲ ತಟ್ಟಲಿ ಎಂದು ಕಾಯುತ್ತ ಹಿಡಿದೇ ಇದ್ದೆ.